ಬೀಳದವರ ಜೋಡಿ

1997ರ ಬೇಸಿಗೆ ರಜೆ. ಮೈಸೂರಿನಲ್ಲಿ ನಮ್ಮ ದೊಡ್ಡಪ್ಪನ ಮನೆ ಎದುರು ಯಾರೋ ಮನೆ ಕಟ್ಟಿಸುತ್ತಿದ್ದರು. ಲಾರಿಯವನು ಸುರಿದುಹೋದ ಮರಳಿನ ಗುಡ್ಡೆಯೇ ನಮ್ಮ ಅಖಾಡ. ದೊಡ್ಡಪ್ಪನ ಹಿರಿಮಗ ಹಿಂದಿನಿಂದ ಬಗ್ಗಿ, ನನ್ನ ತೊಡೆಗಳ ನಡುವೆ ತಲೆ ತೂರಿಸಿ, ಒಂದೇ ಉಸಿರಿಗೆ ಹೆಗಲ ಮೇಲೆ ಎತ್ತಿಕೊಳ್ಳುತ್ತಿದ್ದ. ಜಾತ್ರೆಯಲ್ಲಿ ತೇರು ನೋಡಲು ಕೂರಿಸಿಕೊಂಡ ಹಾಗೆ. ಅವನ ತಮ್ಮ ಕಾಂಪೌಂಡ್ ಗೋಡೆ ಹತ್ತಿ ನಿಂತು, ತೋಳು ಚಾಚಿಕೊಂಡು ನನ್ನ ಎದೆಯ ಮೇಲೆ ಹಾರುತ್ತಿದ್ದ. ನಾನು ಹಿಮ್ಮುಖವಾಗಿ ಮರಳಿಗೆ ಬೀಳುತ್ತಿದ್ದೆ. ಮೂವರಲ್ಲಿ ಹಗುರದವನು ನಾನೇ ಆದ್ದರಿಂದ ಬೀಳುವ ಪಾಲು ಯಾವಾಗಲೂ ನನಗೇ ಬರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗಲೂ ಕಿವಿಯಿಂದ ಮರಳು ಉದುರುತ್ತಿತ್ತು.

ಆ ಪಟ್ಟಿನ ಹೆಸರು ಡೂಮ್ಸ್‌ಡೇ ಡಿವೈಸ್. ಕೇಬಲ್ ಟಿವಿಯಲ್ಲಿ ಡಬ್ಲ್ಯುಡಬ್ಲ್ಯುಎಫ್ ನೋಡಿ, ಟ್ರಂಪ್ ಕಾರ್ಡ್‌ನಲ್ಲಿ ಪೈಲ್ವಾನರ ಎತ್ತರ, ತೂಕ, ಎದೆಸುತ್ತಳತೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದ ತಲೆಮಾರಿಗೆ ಅದನ್ನು ಹಾಕುತ್ತಿದ್ದವರ ಪರಿಚಯ ಬೇಕಿಲ್ಲ. ಮುಖಕ್ಕೆ ಬಣ್ಣ, ಭುಜದ ಮೇಲೆ ಉದ್ದುದ್ದ ಮೊಳೆ, ಒಬ್ಬನ ತಲೆಯ ನಡುವೆ ಮಾತ್ರ ಕೂದಲು, ಇನ್ನೊಬ್ಬನಿಗೆ ನಡುವೆ ಬೋಳಿಸಿ ಎರಡೂ ಬದಿಗೆ ಕೂದಲು. ಹಾಕ್ ಮತ್ತು ಅನಿಮಲ್. ನಾವು ಅವರನ್ನು ನೋಡಿದ್ದು ಲೀಜನ್ ಆಫ್ ಡೂಮ್ ಎಂಬ ಹೆಸರಿನಲ್ಲಿ. ಅಮೆರಿಕ ಮತ್ತು ಜಪಾನಿನ ಹಳೆಯ ಅಭಿಮಾನಿಗಳಿಗೆ ಅವರು ಇಂದಿಗೂ ರೋಡ್ ವಾರಿಯರ್ಸ್.

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮೊದಲು ‘ಜೋಡಿ ಕಟ್ಟುವುದು’ ಅಂತ ಒಂದು ದಿನ ಇರುತ್ತದೆ. ಗರಡಿಗಳಿಂದ ಬಂದ ಪೈಲ್ವಾನರ ಮೈಕಟ್ಟು ನೋಡಿ, ಯಾರ ಎದುರು ಯಾರು ಎಂದು ಅಲ್ಲಿ ಗೊತ್ತುಮಾಡುತ್ತಾರೆ. ನಮ್ಮಲ್ಲಿ ಜೋಡಿಯೆಂದರೆ ಎದುರಾಳಿಗಳು. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಜೋಡಿಯೆಂದರೆ ಟ್ಯಾಗ್ ಟೀಮ್, ಒಂದೇ ಕಡೆಯ ಇಬ್ಬರು. ಆದರೆ ಆ ಆಟವನ್ನು ಹತ್ತಿರದಿಂದ ನೋಡಿದಷ್ಟೂ ನಮ್ಮವರ ಮಾತೇ ಅದಕ್ಕೂ ಸರಿಹೊಂದುತ್ತದೆ ಅನ್ನಿಸುತ್ತದೆ.

ಆಟ ಹೀಗೆ. ರಿಂಗಿನೊಳಗೆ ಕಡೆಗೊಬ್ಬರಂತೆ ಇಬ್ಬರು. ಉಳಿದಿಬ್ಬರು ಹಗ್ಗದ ಹೊರಗೆ ತಂತಮ್ಮ ಮೂಲೆಯಲ್ಲಿ, ಕಂಬಕ್ಕೆ ಕಟ್ಟಿದ ಒಂದು ಪುಟ್ಟ ಹಗ್ಗದ ತುಂಡು ಹಿಡಿದು ನಿಲ್ಲಬೇಕು. ಒಳಗಿರುವವನು ಬಂದು ಕೈಗೆ ಕೈ ತಟ್ಟಿದರೆ ಮಾತ್ರ ಹೊರಗಿನವನಿಗೆ ಪ್ರವೇಶ. ರೆಫರಿ ಐದು ಎಣಿಸುವುದರೊಳಗೆ ಮೊದಲಿನವನು ಆಚೆ ಹೋಗಬೇಕು. ಇಷ್ಟು ಸಣ್ಣ ನಿಯಮದ ಮೇಲೆ ಅವರು ಒಂದು ಇಡೀ ಪ್ರಸಂಗವನ್ನೇ ಕಟ್ಟಿದ್ದಾರೆ. ಒಳ್ಳೆಯ ಜೋಡಿಯಲ್ಲಿ ಒಬ್ಬನನ್ನು ಕೆಟ್ಟವರು ತಮ್ಮ ಮೂಲೆಗೆ ಎಳೆದುಕೊಂಡು ಹತ್ತು ನಿಮಿಷ ಸತತ ಬಡಿಯುತ್ತಾರೆ. ಅವನು ತೆವಳುತ್ತಾನೆ. ಗೆಳೆಯನ ಬೆರಳಿಗೆ ಅವನ ಬೆರಳು ಇನ್ನೇನು ತಾಗಬೇಕು, ಅಷ್ಟರಲ್ಲಿ ಕಾಲು ಹಿಡಿದು ಎಳೆಯುತ್ತಾರೆ. ಮತ್ತೆ ತೆವಳುತ್ತಾನೆ. ಕೊನೆಗೂ ಕೈ ತಾಗಿದ ಆ ಗಳಿಗೆಗೆ ‘ಹಾಟ್ ಟ್ಯಾಗ್’ ಅನ್ನುತ್ತಾರೆ. ಸಭೆ ಎದ್ದು ನಿಲ್ಲುವುದು ಅಲ್ಲಿ. ಗೆಲ್ಲುವವರು ಯಾರೆಂದು ಒಳಗೆ ಮೊದಲೇ ತೀರ್ಮಾನವಾಗಿರುತ್ತದೆ. ಕೌರವನ ತೊಡೆ ಮುರಿಯುತ್ತದೆಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಬಯಲಾಟದ ಮುಂದೆ ಕೂರುವ ನಮಗೆ ಇದೇನೂ ದೊಡ್ಡ ಆಕ್ಷೇಪವಾಗಬಾರದು.

ಮೊದಲೇ ತೀರ್ಮಾನವಾಗದ ಸಂಗತಿ ಒಂದಿದೆ: ಬೀಳುವುದು. ಕ್ಯಾನ್ವಾಸಿನ ಕೆಳಗೆ ತೆಳುವಾದ ಫೋಮ್, ಅದರಡಿ ಹಲಗೆ, ಹಲಗೆಯಡಿ ಕಬ್ಬಿಣದ ತೊಲೆ. ಗದ್ದ ಎದೆಗೆ ಒತ್ತಿ, ಬೆನ್ನು ಪೂರಾ ಚಪ್ಪಟೆಯಾಗಿ ಒಟ್ಟಿಗೆ ನೆಲಕ್ಕೆ ತಾಗಬೇಕು. ಇದಕ್ಕೆ ‘ಬಂಪ್’ ಎಂದು ಹೆಸರು. ತಿಂದ ಏಟನ್ನು ಹಿಂದಿನ ಸಾಲಿನವನಿಗೂ ಕಾಣುವಂತೆ ನರಳಿ ತೋರಿಸುವುದಕ್ಕೆ ‘ಸೆಲ್ಲಿಂಗ್’, ಅಂದರೆ ಮಾರುವುದು. ನೋವನ್ನು ಮಾರುವ ವ್ಯಾಪಾರ ಅದು. ಹೊಡೆದವನು ಶೂರನಾಗುವುದು ಬಿದ್ದವನ ಬೆನ್ನಿನ ದಯೆಯಿಂದ.

ರೋಡ್ ವಾರಿಯರ್ಸ್ ಹೆಸರು ಮಾಡಿದ್ದು ಈ ವ್ಯಾಪಾರಕ್ಕೇ ಒಲ್ಲೆ ಎಂದು.

ಹಾಕ್‌ನ ನಿಜ ಹೆಸರು ಮೈಕಲ್ ಹೆಗ್‌ಸ್ಟ್ರ್ಯಾಂಡ್. ಅನಿಮಲ್ ಎಂದರೆ ಜೋ ಲಾರಿನೈಟಿಸ್. ಷಿಕಾಗೋದವರೆಂದು ರಿಂಗಿನಲ್ಲಿ ಕೂಗುತ್ತಿದ್ದರೂ ಇಬ್ಬರೂ ಮಿನಿಯಾಪೊಲಿಸ್ ಕಡೆಯ ಹುಡುಗರು. ಅಲ್ಲಿನ ಒಂದು ಬಾರಿನ ಬಾಗಿಲಲ್ಲಿ ಕುಡಿದು ಗಲಾಟೆ ಮಾಡುವವರನ್ನು ಹೊರಗೆ ದಬ್ಬುವ ಕೆಲಸದಲ್ಲಿದ್ದರು. ಅದೇ ಬಾರಿನಲ್ಲಿ ಮದ್ಯ ಹಾಕಿಕೊಡುತ್ತಿದ್ದ ಎಡ್ಡಿ ಶಾರ್ಕಿ ಹಳೆಯ ಕುಸ್ತಿಪಟು. ಈ ಹುಡುಗರ ತೋಳು ನೋಡಿ ಪಾಠಕ್ಕಿಳಿದ. ಮುಂದೆ ಹೆಸರು ಮಾಡಿದ ರಿಕ್ ರೂಡ್, ಬ್ಯಾರಿ ಡಾರ್ಸೊ ಕೂಡ ಅವನ ಶಿಷ್ಯರೇ. ಜಾರ್ಜಿಯಾದ ಕುಸ್ತಿ ಕಂಪನಿ ನಡೆಸುತ್ತಿದ್ದ ಓಲೆ ಆಂಡರ್ಸನ್ ಮೊದಲು ಕರೆಸಿಕೊಂಡಿದ್ದು ಅನಿಮಲ್ ಒಬ್ಬನನ್ನೇ. 1983ರಲ್ಲಿ ಹಾಕ್ ಸೇರಿ ಜೋಡಿಯಾಯಿತು. ಹೆಸರು ಬಂದಿದ್ದು ಮೆಲ್ ಗಿಬ್ಸನ್ನನ ‘ಮ್ಯಾಡ್ ಮ್ಯಾಕ್ಸ್ 2’ ಚಿತ್ರದಿಂದ. ಅಮೆರಿಕದಲ್ಲಿ ಆ ಚಿತ್ರ ‘ದಿ ರೋಡ್ ವಾರಿಯರ್’ ಎಂದೇ ಓಡಿತ್ತು. ಆರಂಭದಲ್ಲಿ ಬೈಕ್ ಪುಂಡರ ಚರ್ಮದ ಉಡುಪು, ಟೋಪಿ. ಬಣ್ಣ, ಮೊಳೆಯ ಭುಜಕವಚ ಆಮೇಲೆ ಬಂದವು.

ಮೂರನೆಯವನೊಬ್ಬನಿದ್ದ, ಪಾಲ್ ಎಲ್ಲೆರಿಂಗ್. ಮೊದಲು ತಾನೂ ಕುಸ್ತಿಪಟುವಾಗಿದ್ದು ಆಮೇಲೆ ಇವರ ಮ್ಯಾನೇಜರ್ ಆದವನು. ಉಳಿದ ಮ್ಯಾನೇಜರುಗಳು ಕೋಲನ್ನೋ ಟೆನಿಸ್ ರಾಕೆಟ್ಟನ್ನೋ ಹಿಡಿದು ಬಂದರೆ ಈತ ಸುರುಳಿ ಸುತ್ತಿದ ‘ವಾಲ್ ಸ್ಟ್ರೀಟ್ ಜರ್ನಲ್’ ಹಿಡಿದು ಬರುತ್ತಿದ್ದ. ವೇಷಕ್ಕಷ್ಟೇ ಮ್ಯಾನೇಜರ್ ಆಗಿರಲಿಲ್ಲ. ಇವರ ಊರೂರಿನ ತಾರೀಖು, ಪ್ರಯಾಣ, ದುಡ್ಡಿನ ಲೆಕ್ಕ ನಿಜವಾಗಿಯೂ ಅವನ ಕೈಯಲ್ಲೇ ಇತ್ತು. ಆ ಧಂದೆಯಲ್ಲಿ ಇದು ಅಪರೂಪ.

ಅಟ್ಲಾಂಟಾದ ಟಿಬಿಎಸ್ ವಾಹಿನಿಯ ಸ್ಟುಡಿಯೋದಲ್ಲಿ ಶನಿವಾರ ಸಂಜೆಯ ಕುಸ್ತಿ ಕಾರ್ಯಕ್ರಮ ದೇಶದಾದ್ಯಂತ ಕೇಬಲ್‌ನಲ್ಲಿ ಬರುತ್ತಿತ್ತು. ಓಡಿಬಂದು ರಿಂಗಿಗೆ ನುಗ್ಗುವುದು, ಎದುರಿಗೆ ನಿಂತ ಹೆಸರಿಲ್ಲದ ಇಬ್ಬರನ್ನು ಒಂದೆರಡು ನಿಮಿಷದಲ್ಲಿ ಎತ್ತಿ ಎಸೆದು ಹೋಗುವುದು, ಇಷ್ಟೇ ಅವರ ಆಟ. ತೆವಳುವುದಿಲ್ಲ, ಹಾಟ್ ಟ್ಯಾಗ್ ಇಲ್ಲ. ತಲೆಕೆಳಗಾಗಿ ನೆಲಕ್ಕೆ ಕುಕ್ಕುವ ಪೈಲ್‌ಡ್ರೈವರ್ ತಿಂದವರು ಆಂಬುಲೆನ್ಸ್ ಹತ್ತಬೇಕೆಂದು ರೂಢಿ; ಹಾಕ್ ಮಾತ್ರ ಧೂಳು ಕೊಡವಿದಂತೆ ಎದ್ದು ನಿಲ್ಲುತ್ತಿದ್ದ. ಖಳರೆಂದು ಬಿಟ್ಟಿದ್ದವರಿಗೆ ಜನ ಕೇಕೆ ಹಾಕಿದರು. ಬಯ್ಯಿಸಿಕೊಳ್ಳಲು ಬಂದವರನ್ನು ಪ್ರೇಕ್ಷಕರೇ ನಾಯಕರನ್ನಾಗಿ ಮಾಡಿಕೊಂಡರು; ಕಂಪನಿಯವರು ಹಿಂದಿನಿಂದ ಒಪ್ಪಿಕೊಂಡರು.

1984ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕ್ರಷರ್ ಮತ್ತು ಬ್ಯಾರನ್ ವಾನ್ ರಾಶ್ಕೆ ಎಂಬ ಹಿರಿಯರಿಂದ ಎಡಬ್ಲ್ಯುಎ ಕಂಪನಿಯ ಜೋಡಿ ಪಟ್ಟ ಕಿತ್ತುಕೊಂಡರು. 1985ರಲ್ಲಿ ಜಪಾನ್. ಬ್ಲ್ಯಾಕ್ ಸಬ್ಬತ್ ತಂಡದ ‘ಐರನ್ ಮ್ಯಾನ್’ ಹಾಡಿನ ಗಿಟಾರ್ ಕೇಳಿಸಿದರೆ ಸಾಕು, ಅಲ್ಲಿಯ ಶಿಸ್ತಿನ ಸಭೆಯೂ ಹುಚ್ಚೇಳುತ್ತಿತ್ತು. 1988ರಲ್ಲಿ ಎನ್‌ಡಬ್ಲ್ಯುಎ ಪಟ್ಟ. 1990ರಲ್ಲಿ ಡಬ್ಲ್ಯುಡಬ್ಲ್ಯುಎಫ್ ಸೇರಿ, ಮರುವರ್ಷ ಆಗಸ್ಟ್ 26ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನ್ಯಾಸ್ಟಿ ಬಾಯ್ಸ್ ಜೋಡಿಯನ್ನು ಸೋಲಿಸಿದಾಗ, ಮೂರು ದೊಡ್ಡ ಕಂಪನಿಗಳ ವಿಶ್ವ ಜೋಡಿ ಪಟ್ಟವನ್ನೂ ಕಟ್ಟಿಕೊಂಡ ಮೊದಲ ಜೋಡಿ ಇವರಾದರು. ಅನುಕರಣೆಗಳಂತೂ ಸಾಲುಗಟ್ಟಿದವು. ಡೆಮಾಲಿಷನ್, ಪವರ್ಸ್ ಆಫ್ ಪೇನ್; ಮುಂದೆ ಸ್ಟಿಂಗ್ ಮತ್ತು ಅಲ್ಟಿಮೇಟ್ ವಾರಿಯರ್ ಎಂದು ಬೇರೆಬೇರೆಯಾಗಿ ಮೆರೆದವರೂ ಶುರುವಿನಲ್ಲಿ ಬಣ್ಣ ಬಳಿದುಕೊಂಡ ಒಂದು ಜೋಡಿಯೇ.

ಪಟ್ಟಗಳ ಪಟ್ಟಿ ಅಲ್ಲಿಗೆ ಬಿಡೋಣ. ನನಗೆ ಬೇಕಾದದ್ದು 1986ರ ನವೆಂಬರ್ 27ರ ರಾತ್ರಿ. ಅಟ್ಲಾಂಟಾದ ಓಮ್ನಿ ಸಭಾಂಗಣದಲ್ಲಿ ರಿಂಗಿನ ಮೇಲೆ, ಇಪ್ಪತ್ತು ಅಡಿಗೂ ಎತ್ತರದಲ್ಲಿ, ಗಾರೆ ಕೆಲಸದವರು ಕಟ್ಟುವ ಸಾರುವೆಯಂಥದ್ದೊಂದು ಕಿರಿದಾದ ಅಟ್ಟ. ಮೇಲೆ ನಾಲ್ವರು. ಕೆಳಗೆ ಬಿದ್ದವರು ಸೋತರು. ಎದುರಾಳಿಗಳು ಮಿಡ್‌ನೈಟ್ ಎಕ್ಸ್‌ಪ್ರೆಸ್: ಬಾಬಿ ಈಟನ್, ಡೆನ್ನಿಸ್ ಕಾಂಡ್ರಿ. ಕಸುಬಿನ ಕಣ್ಣಲ್ಲಿ ನೋಡಿದರೆ ಇವರು ರೋಡ್ ವಾರಿಯರ್ಸ್‌ಗಿಂತ ದೊಡ್ಡ ಕಲಾವಿದರು ಎಂದೇ ನಾನು ಹೇಳುವುದು. ಎದುರಿಗಿದ್ದವನು ಮರದ ಕೊರಡಾದರೂ ಅವನನ್ನು ಭೀಮ ಮಾಡಿ ತೋರಿಸುವಷ್ಟು ಚೆನ್ನಾಗಿ ಬೀಳಬಲ್ಲವರು. ಆ ರಾತ್ರಿ ಹಾಕ್ ಮುರಿದ ಕಾಲಲ್ಲೇ ಅಟ್ಟ ಹತ್ತಿದ್ದ. ಆದರೂ ಬಿದ್ದವರು ಈಟನ್, ಕಾಂಡ್ರಿ. ಬಳಿಕ ಅವರ ಮ್ಯಾನೇಜರ್ ಜಿಮ್ ಕಾರ್ನೆಟ್ ಕೂಡ ಅಟ್ಟ ಹತ್ತಿ, ಅಡಿಯಿಂದ ಜೋತುಬಿದ್ದು ಕೈಬಿಟ್ಟ. ಕೆಳಗೆ ಹಿಡಿದುಕೊಳ್ಳಬೇಕಿದ್ದ ದಡಿಯ ಅಂಗರಕ್ಷಕ ಅರ್ಧ ಹೆಜ್ಜೆ ತಪ್ಪಿ ನಿಂತಿದ್ದ. ಕಾರ್ನೆಟ್‌ನ ಮೊಣಕಾಲು ಹೋಯಿತು. ನಾಟಕದೊಳಗೆ ನಿಜವಾದ ಪೆಟ್ಟು.

ಡೂಮ್ಸ್‌ಡೇ ಡಿವೈಸ್‌ನಲ್ಲೂ ಹಾಗೆ. ಎರಡು ಆಳೆತ್ತರದಿಂದ ಹಿಮ್ಮುಖವಾಗಿ ಬೀಳುವವನಿಗೆ ಕೈ ಊರಲು ಏನೂ ಇರುವುದಿಲ್ಲ. ಹೊತ್ತವನು ಸರಿಯಾದ ಕ್ಷಣಕ್ಕೆ ಕಾಲು ಬಿಡಬೇಕು, ಹಾರುವವನು ಕತ್ತಿಗಲ್ಲ, ಎದೆಗೆ ತೋಳು ಕೊಡಬೇಕು, ಬೀಳುವವನು ಗಾಳಿಯಲ್ಲೇ ತಿರುಗಿಕೊಳ್ಳಬೇಕು. ಹೆಸರಿಗೆ ಇಬ್ಬರ ಪಟ್ಟು, ಕೆಲಸ ಮೂವರದು. 1997ರಲ್ಲಿ ಹೆನ್ರಿ ಗಾಡ್‌ವಿನ್ ಎಂಬ ಹೆಸರಿನಲ್ಲಿ ಆಡುತ್ತಿದ್ದವನಿಗೆ ಈ ಲೆಕ್ಕ ತಪ್ಪಿ ಕತ್ತಿನ ಮೂಳೆ ಬಿರುಕುಬಿಟ್ಟಿತು. ನಾವು ಮರಳಿನ ಗುಡ್ಡೆಯ ಮೇಲೆ ಅದೇ ಪಟ್ಟು ಹಾಕಿಕೊಳ್ಳುತ್ತಿದ್ದ ವರ್ಷವದು. ನನ್ನ ಕತ್ತು ನೆಟ್ಟಗಿರುವುದು ದೇವರ ದಯೆ, ಮತ್ತೆ ಎದುರುಮನೆ ಕಟ್ಟುತ್ತಿದ್ದ ಮೇಸ್ತ್ರಿ ದಿನಾ ಮರಳು ಜರಡಿ ಹಿಡಿಸುತ್ತಿದ್ದುದರ ಪುಣ್ಯ.

ಒಂದು ಜೋಡಿ ಎಷ್ಟು ವರ್ಷ ಬೀಳದೆ ಇರಬಹುದು? ಸ್ಟೆರಾಯ್ಡ್, ಕುಡಿತ, ಮಾದಕವಸ್ತು, ವರ್ಷದ ಬಹುಪಾಲು ವಿಮಾನದಲ್ಲೇ ಕಳೆಯುವ ಬದುಕು. 1992ರಲ್ಲಿ ಕಂಪನಿ ಅವರ ಕೈಗೆ ರಾಕೋ ಎಂಬ ಮಾತಾಡುವ ಗೊಂಬೆ ಕೊಟ್ಟಿತು. ಮೊಳೆ ಹೊತ್ತವರ ಪಕ್ಕ ಗೊಂಬೆ! ಆ ವರ್ಷ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣಕ್ಕೆ ಮೋಟರ್‌ಬೈಕುಗಳಲ್ಲಿ ನುಗ್ಗಿ ಬಂದು ಗೆದ್ದರು. ಅಲ್ಲಿಂದಲೇ ಹಾಕ್ ಕಂಪನಿ ಬಿಟ್ಟು ಹೋದ. ಅನಿಮಲ್ ಬೆನ್ನುನೋವಿನಿಂದ ಮನೆ ಸೇರಿದ. ಹಾಕ್ ಜಪಾನಿನಲ್ಲಿ ಕೆನ್ಸುಕೆ ಸಸಾಕಿಗೆ ಬಣ್ಣ ಬಳಿದು ಹೆಲ್ ರೈಸರ್ಸ್ ಎಂದು ಹೊಸ ಜೋಡಿ ಕಟ್ಟಿಕೊಂಡ.

1997ರ ಹೊತ್ತಿಗೆ ಇಬ್ಬರೂ ಡಬ್ಲ್ಯುಡಬ್ಲ್ಯುಎಫ್‌ಗೆ ಮರಳಿದ್ದರು. ಮರುವರ್ಷ ಕಂಪನಿ ಹಾಕ್‌ನ ಚಟವನ್ನೇ ಕಥೆ ಮಾಡಿತು. ತೂರಾಡುತ್ತ ರಿಂಗಿಗೆ ಬರುವ ಹಾಕ್, ಅವನ ಜಾಗಕ್ಕೆ ಸೇರಿಸಿಕೊಂಡ ಡ್ರಾಜ್ ಎಂಬ ಹೊಸ ಹುಡುಗ. ನವೆಂಬರಿನ ಒಂದು ರಾತ್ರಿ ಹಾಕ್ ರಿಂಗಿನ ದಾರಿಯ ದೈತ್ಯ ಪರದೆಯ ತುದಿ ಹತ್ತಿದ. ಅವನನ್ನು ಇಳಿಸಲು ಎಂಬಂತೆ ಹತ್ತಿದ ಡ್ರಾಜ್ ತಳ್ಳಿದ. ಹಾಕ್ ಹಿಂದಕ್ಕೆ ಬಿದ್ದ. ಕ್ಯಾಮೆರಾ ಕಣ್ಣಿಗೆ ಕಾಣದಂತೆ ಅಲ್ಲೆಲ್ಲೋ ಮೆತ್ತೆ ಹಾಸಿದ್ದರೆನ್ನಿ. ಆದರೂ ಹದಿನೈದು ವರ್ಷ ಬೀಳದೆ ಬಾಳಿದವನನ್ನು ಅವನ ಖಾಸಗಿ ಸಂಕಟದ ಹೆಸರಿನಲ್ಲಿ ಬೀಳಿಸಿ ಟಿಕೆಟ್ ಮಾರಿದ್ದು ನನಗೆ ಇಂದಿಗೂ ಜೀರ್ಣವಾಗಿಲ್ಲ. ಅನಿಮಲ್‌ಗೂ ಆಗಿರಲಿಲ್ಲ. ಇನ್ನು ಆ ಕಥೆಯಲ್ಲಿ ತಳ್ಳಿದ ಡ್ರಾಜ್, 1999ರ ಅಕ್ಟೋಬರಿನಲ್ಲಿ ಒಂದು ಮಾಮೂಲಿ ಪಂದ್ಯದಲ್ಲಿ ಎತ್ತಿದ ಕೈ ಜಾರಿ ತಲೆಯ ಮೇಲೆ ಬಿದ್ದ. ಕತ್ತಿನಿಂದ ಕೆಳಗೆ ಸ್ವಾಧೀನ ಹೋಯಿತು. 2023ರಲ್ಲಿ ತೀರಿಕೊಳ್ಳುವವರೆಗೆ ಗಾಲಿಕುರ್ಚಿಯಲ್ಲೇ ಇದ್ದ.

2003ರ ಮೇ ತಿಂಗಳಲ್ಲಿ ಹಾಕ್, ಅನಿಮಲ್ ಒಮ್ಮೆ ಟಿವಿಗೆ ಮರಳಿ ಬಂದರು, ಸೋತರು. ಅಕ್ಟೋಬರ್ 19ರಂದು ಹಾಕ್ ಹೃದಯಾಘಾತದಿಂದ ತೀರಿಕೊಂಡ, 46 ವರ್ಷ. ಎರಡು ವರ್ಷದ ಮೇಲೆ ಅನಿಮಲ್ ಹೈಡನ್‌ರೈಕ್ ಎಂಬುವನಿಗೆ ಮೊಳೆಯ ಕವಚ ತೊಡಿಸಿ ಇನ್ನೊಂದು ಪಟ್ಟ ಗೆದ್ದು ಅದನ್ನು ಹಾಕ್‌ಗೆ ಅರ್ಪಿಸಿದ. 2011ರಲ್ಲಿ ಡಬ್ಲ್ಯುಡಬ್ಲ್ಯುಇ (ಹಿಂದಿನ ಡಬ್ಲ್ಯುಡಬ್ಲ್ಯುಎಫ್) ಗೌರವ ಪಟ್ಟಿಗೆ ಮೂವರ ಹೆಸರೂ ಸೇರಿದಾಗ ವೇದಿಕೆಯಲ್ಲಿ ಅನಿಮಲ್, ಎಲ್ಲೆರಿಂಗ್ ಇಬ್ಬರೇ ಇದ್ದರು. ಇದಕ್ಕೆಲ್ಲ ಮೊದಲೇ ಎಲ್ಲೆರಿಂಗ್ ಅಲಾಸ್ಕಾದ ಹಿಮದಲ್ಲಿ ನಾಯಿಗಳ ಜಾರುಬಂಡಿ ಓಡಿಸಿ, 2000ದಲ್ಲಿ ಇಡಿಟರಾಡ್ ಎಂಬ ಸಾವಿರ ಮೈಲಿಯ ಓಟ ಮುಗಿಸಿ ಬಂದಿದ್ದ. ಅದೇ ಬೇರೆ ಕಥೆ.

2020ರ ಸೆಪ್ಟೆಂಬರ್ 22ರಂದು ಅನಿಮಲ್ ಹೋದ. ಕೊರೊನಾ ಕಾಲ, ಎಲ್ಲರೂ ಮನೆಯಲ್ಲೇ. ಸುದ್ದಿ ನೋಡಿ ದೊಡ್ಡಪ್ಪನ ಹಿರಿಮಗನಿಗೆ ಫೋನ್ ಮಾಡಿದೆ.

‘ಅಣ್ಣಾ, ಅನಿಮಲ್ ಹೋಗ್ಬಿಟ್ನಂತೆ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ: ‘ಲೋ, ಅವಾಗ ಅಷ್ಟೊಂದ್ಸಲ ಬೀಳಿಸ್ತಿದ್ವಲ್ಲ, ನಿಂಗೆ ನಿಜವಾಗ್ಲೂ ನೋವಾಗ್ತಿತ್ತೇನೋ?’

‘ಆಗ್ತಿತ್ತು.’

‘ಮತ್ಯಾಕೋ ದಿನಾ ಸಂಜೆ ನೀನೇ ಬಂದು ಕರೀತಿದ್ದೆ?’