ಹವ್ಯಾಸಿ ಸಂಘಕ್ಕೂ ಬೇಕು ನೀತಿ ಸಂಹಿತೆ: ದಾರಿ ತೋರಿದ್ದು ಬೆಳಗಾವಿಯದೇ ಮೊಕದ್ದಮೆ

ಬೆಳಗಾವಿ: ಚಾರಣ, ಪಕ್ಷಿವೀಕ್ಷಣೆ, ಛಾಯಾಗ್ರಹಣದ ಗೀಳು ಹತ್ತಿದ ನಾಲ್ಕಾರು ಗೆಳೆಯರು ಕಲೆತರೆ ಸಂಘವೊಂದು ಹುಟ್ಟಿಕೊಳ್ಳುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯನ್ವಯ ನೋಂದಣಿಗೂ ಏಳು ಮಂದಿ ಸಾಕು. ಚಂದಾ ಎಷ್ಟು, ಅಧ್ಯಕ್ಷರ ಅವಧಿ ಎಷ್ಟು ಎಂಬುದೆಲ್ಲ ಬೈಲಾದಲ್ಲಿರುತ್ತದೆ. ಸದಸ್ಯನೊಬ್ಬ ಸಹಸದಸ್ಯೆಯೊಡನೆ ಅನುಚಿತವಾಗಿ ವರ್ತಿಸಿದರೆ, ಹಣದ ಲೆಕ್ಕ ಕೊಡದಿದ್ದರೆ ಏನು ಮಾಡಬೇಕೆಂಬ ಮಾತು ಮಾತ್ರ ಅನೇಕ ಕಡೆ ಇರುವುದಿಲ್ಲ. ಜಗಳವಾದ ದಿನ ಚಹಾ ಕುಡಿಯುತ್ತ ಕುಳಿತ ನಾಲ್ವರು "ಅವನನ್ನು ತೆಗೆದುಹಾಕಿದ್ದೇವೆ" ಎಂದು ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನ ನಿಲ್ಲುತ್ತದೆಯೇ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಬೆಳಗಾವಿಯ ಫ್ರೀಮೇಸನ್ ಬಳಗವಾದ 'ಲಾಡ್ಜ್ ವಿಕ್ಟೋರಿಯಾ ನಂ. 363' ಸಹಸದಸ್ಯರ ದೂರಿನ ಮೇಲೆ ಸದಸ್ಯರೊಬ್ಬರನ್ನು ಹೊರಹಾಕಿತ್ತು. ಅವರು ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲಿ ಅವರ ಮೇಲ್ಮನವಿ ವಜಾ ಆಯಿತು. 1963ರ ಎ.ಐ.ಆರ್. ಸಂಪುಟದಲ್ಲಿ ಪ್ರಕಟವಾದ ಈ ತೀರ್ಪು ಸಂಘ-ಸಂಸ್ಥೆಗಳ ವ್ಯಾಜ್ಯಗಳಲ್ಲಿ ಪದೇ ಪದೇ ಉಲ್ಲೇಖಗೊಂಡಿದೆ.

ಸಂಘ ಸೇರಿದವನು ಅದರ ನಿಯಮಕ್ಕೆ ಬದ್ಧ. ಹೊರಹಾಕುವುದಿದ್ದರೆ ನಿಯಮ ಹೇಳಿದ ರೀತಿಯಲ್ಲೇ ಹೊರಹಾಕಬೇಕು. ಸಂಘದ ನಿರ್ಣಯದ ಮೇಲೆ ಸಿವಿಲ್ ನ್ಯಾಯಾಲಯ ಮೇಲ್ಮನವಿ ಪೀಠದಂತೆ ಕೂರಲಾರದು. ಆದರೆ ಅಧಿಕಾರ ಮೀರಿದಲ್ಲಿ, ಸದ್ಭಾವನೆ ಇಲ್ಲದಲ್ಲಿ, ಸಹಜ ನ್ಯಾಯದ ತತ್ವ ಮುರಿದಲ್ಲಿ ಅದನ್ನು ರದ್ದುಪಡಿಸಬಲ್ಲದು. ಇದು ತೀರ್ಪಿನ ತಿರುಳು. ಅಂದರೆ ಸಂಹಿತೆ ಸದಸ್ಯರನ್ನಷ್ಟೇ ಅಲ್ಲ, ಪದಾಧಿಕಾರಿಗಳನ್ನೂ ಕಟ್ಟಿಹಾಕುತ್ತದೆ. ಬಹುಶಃ ಅದಕ್ಕೇ ಅನೇಕರಿಗೆ ಅದು ಬೇಡ!

ಆದ್ದರಿಂದ ದೂರು ಯಾರಿಗೆ ಕೊಡಬೇಕು, ಕಾರ್ಯದರ್ಶಿಯ ಮೇಲೆಯೇ ದೂರಿದ್ದರೆ ಕೇಳುವವರಾರು, ಉತ್ತರಿಸಲು ಎಷ್ಟು ದಿನ ಎಂಬುದನ್ನು ಮೊದಲೇ ಬರೆದಿಡಬೇಕು. ದೂರು ಕೊಟ್ಟವರೇ ತೀರ್ಪುಗಾರರ ಸಾಲಿನಲ್ಲಿ ಕೂರಬಾರದು.

ಉಳಿದ ನಿಯಮಗಳು ಹವ್ಯಾಸಕ್ಕೆ ತಕ್ಕಂತಿರಲಿ. ಸದಾಶಿವನಗರದಂಥ ಬಡಾವಣೆಗಳಿಂದ ರಜಾದಿನ ಖಾನಾಪುರದ ಕಾಡಿನ ಹಾದಿ ಹಿಡಿಯುವವರಿಗೆ ಭೀಮಗಡವೇ ಉದಾಹರಣೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಸುಮಾರು 190 ಚದರ ಕಿ.ಮೀ. ಪ್ರದೇಶವಿದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಪರವಾನಗಿ ಇಲ್ಲದೆ ಒಳಹೋಗುವಂತಿಲ್ಲ. ಇಲ್ಲಿನ ಬಾರಾಪೇಡೆ ಗುಹೆಗಳಲ್ಲಿರುವ 'ರಾಟನ್ಸ್ ಫ್ರೀ ಟೇಲ್ಡ್' ಬಾವಲಿ ಜಗತ್ತಿನ ಕೆಲವೇ ತಾಣಗಳಲ್ಲಿ ಕಂಡುಬಂದಿದೆ. ಒಂದು ಚಿತ್ರದ ಆಸೆಗೆ ಟಾರ್ಚ್ ಹಿಡಿದು ನುಗ್ಗುವ ಸದಸ್ಯನನ್ನು ತಡೆಯುವ ಅಧಿಕಾರ ತಂಡದ ಮುಂದಾಳುವಿಗೆ ಬರಹದಲ್ಲಿ ಇರಬೇಕು.

ಮಕ್ಕಳಿದ್ದರೆ ಹೊಣೆ ಇನ್ನೂ ಹೆಚ್ಚು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದೂ ಪೊಲೀಸರಿಗೆ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಶಿಕ್ಷಾರ್ಹ. 'ಸಂಘದ ಮರ್ಯಾದೆ' ಎಂದು ಒಳಗೊಳಗೇ ರಾಜಿ ಮಾಡಿಸಲು ಅವಕಾಶವಿಲ್ಲ.

ಕರಡನ್ನು ಸದಸ್ಯರಿಗೆ ಮೊದಲೇ ಹಂಚಿ, ಸರ್ವಸದಸ್ಯರ ಸಭೆಯಲ್ಲಿ ಚರ್ಚಿಸಿ, ಬೈಲಾದ ಭಾಗವಾಗಿ ಅಂಗೀಕರಿಸಿ ನೋಂದಣಾಧಿಕಾರಿಗಳಿಗೆ ಸಲ್ಲಿಸುವುದು ಸರಿಯಾದ ಕ್ರಮ. ಹೊಸದಾಗಿ ಸೇರುವವರಿಗೆ ಅರ್ಜಿಯೊಡನೆಯೇ ಪ್ರತಿ ಕೊಟ್ಟು ಸಹಿ ಪಡೆಯಬೇಕು. ಈಗಾಗಲೇ ಎದ್ದಿರುವ ಜಗಳಕ್ಕೆ ಹೊಸ ಸಂಹಿತೆಯನ್ನು ಹಿಂದಿನ ದಿನಾಂಕದಿಂದ ಅನ್ವಯಿಸಲು ಹೊರಟರೆ ಅದೇ ಮತ್ತೊಂದು ವ್ಯಾಜ್ಯಕ್ಕೆ ಎಡೆಯಾದೀತು.