ನೀರನ್ನು ಒಲ್ಲದ ಮೇಲ್ಮೈಯೂ ವಿದ್ಯುಚ್ಛಕ್ತಿಯೂ

ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಭೂಮಾಲೀಕರೆಲ್ಲರೂ ಕಂಡಿರತಕ್ಕ ಸಂಗತಿಯೊಂದುಂಟು. ಸಿಂಪಡಿಸಿದ ಔಷಧವು ಪೈರಿನ ಎಲೆಗೆ ಅಂಟದೆ, ಮುತ್ತಿನಂತೆ ಉರುಳಿ ಗದ್ದೆಯ ನೀರಿಗೆ ಬೀಳುವುದು. ಹಾಗೆ ಬಿದ್ದ ಔಷಧದಿಂದ ಎಲೆಯ ಹುಳು ಸಾಯದು. ಹಣ ಮಾತ್ರ ಹೋಗುವುದು. ಕುರುಗೋಡಿನ ಕಡೆಯ ಹತ್ತಿಯ ಎಲೆಯಲ್ಲಿ ಈ ತೊಂದರೆ ಇಷ್ಟಿಲ್ಲ. ಭತ್ತದ ಎಲೆಯ ಮೇಲೆ ಮೇಣದ ಲೇಪವೂ ಕಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳೂ ಇರುವುದರಿಂದ, ಹನಿಯು ಅವುಗಳ ತುದಿಯಲ್ಲಿ ಮಾತ್ರ ನಿಂತು, ಅಡಿಯಲ್ಲಿ ಗಾಳಿ ಉಳಿಯುವುದು. ತಾವರೆ, ಕೆಸುವಿನ ಎಲೆಗಳ ಗುಟ್ಟೂ ಇದೇ.

ಈ ಗುಣವನ್ನು ಬೇಕಾದಾಗ ಇರಿಸಿ, ಬೇಡವಾದಾಗ ಅಡಗಿಸುವ ಉಪಾಯವನ್ನು ವಿಜ್ಞಾನಿಗಳು ವಿದ್ಯುಚ್ಛಕ್ತಿಯಿಂದ ಸಾಧಿಸಿರುವರು. ಪಾದರಸದ ಮೇಲ್ಮೈಯ ಬಿಗಿತವು ವಿದ್ಯುತ್ತಿನಿಂದ ಬದಲಾಗುವುದನ್ನು ಲಿಪ್‌ಮನ್ ಎಂಬ ಫ್ರೆಂಚ್ ವಿದ್ವಾಂಸರು 1875ರಲ್ಲಿ ವಿವರಿಸಿದರು. ಅದೇ ದೇಶದ ಬರ್ಜ್ ಎಂಬವರು 1993ರಲ್ಲಿ ಲೋಹಕ್ಕೂ ನೀರಿಗೂ ನಡುವೆ ವಿದ್ಯುತ್ ಹರಿಯದ ತೆಳು ಪೊರೆಯನ್ನಿಟ್ಟು ಪ್ರಯೋಗ ನಡೆಸಿದರು. ಲೋಹದ ತಗಡಿಗೆ ಟೆಫ್ಲಾನಿನಂಥ ಪಾಲಿಮರ್ ಪೊರೆಯನ್ನು ಹೊದಿಸಿ ನೀರು ತೊಟ್ಟಿಕ್ಕಿದರೆ ಹನಿಯು ಗುಂಡಗೆ ನಿಲ್ಲುವುದು. ಹನಿಗೂ ತಗಡಿಗೂ ವಿದ್ಯುತ್ ಸಂಪರ್ಕ ಕೊಟ್ಟರೆ ಪೊರೆಯ ಎರಡು ಪಕ್ಕಗಳಲ್ಲಿ ವಿರುದ್ಧ ಆವೇಶಗಳು ಕೂಡಿ ಒಂದನ್ನೊಂದು ಸೆಳೆಯುವುವು. ಹನಿಯು ಚಪ್ಪಟೆಯಾಗಿ ಹರಡುವುದು. ವಿದ್ಯುತ್ತನ್ನು ತೆಗೆದರೆ ಸಾಮಾನ್ಯವಾಗಿ ಮತ್ತೆ ಗುಂಡಾಗುವುದು. ಪೊರೆಯು ತೆಳುವಾದಷ್ಟೂ ಕಡಮೆ ವೋಲ್ಟು ಸಾಕು.

ಪಾಲಿಪೈರೋಲ್ ಮುಂತಾದ, ತಾವೇ ವಿದ್ಯುತ್ತನ್ನು ಹರಿಸುವ ಪಾಲಿಮರುಗಳ ಬಗೆ ಬೇರೆ. ಉಪ್ಪಿನ ದ್ರಾವಣದಲ್ಲಿ ವಿದ್ಯುತ್ತನ್ನು ಹಾಯಿಸಿದಾಗ ಅಯಾನುಗಳು ಪೊರೆಯನ್ನು ಹೊಕ್ಕು ಹೊರಡುವುದರಿಂದ ಅದರ ಸ್ವಭಾವವೇ ಮಾರ್ಪಡುವುದು.

ಇದರಿಂದ ಸಣ್ಣ ಮಸೂರಗಳನ್ನೂ, ಪ್ರಯೋಗಶಾಲೆಯಲ್ಲಿ ಸೂಕ್ಷ್ಮ ಹನಿಗಳನ್ನು ನಡೆಸುವ ತಟ್ಟೆಗಳನ್ನೂ ಮಾಡಿರುವರು. ಗದ್ದೆಗೆ ಇದು ಸಲ್ಲದು. ಪೊರೆಯ ಕೆಳಗೆ ಲೋಹದ ತಗಡು ಬೇಕು. ದಿನದಿನಕ್ಕೆ ಬೆಳೆಯುವ ಎಲೆಗೆ ಅದನ್ನು ಹೊದಿಸುವುದೆಂತು? ಆದುದರಿಂದ ಬಳ್ಳಾರಿಯ ಪೇಟೆಯಲ್ಲಿ ಯಾರಾದರೂ ಪೈರಿಗೆ ವಿದ್ಯುತ್ ಲೇಪವೆಂದು ಮಾರಬಂದರೆ ಗ್ರಾಮಮುಖಂಡರು ರೈತರನ್ನು ಎಚ್ಚರಿಸತಕ್ಕದ್ದು. ಹನಿಗೆ ಆವೇಶ ಕೊಟ್ಟು ಸಿಂಪಡಿಸುವ ಯಂತ್ರವು ನಿಜವಾಗಿಯೂ ಉಂಟು. ಆದರೆ ಅದು ಹನಿಯನ್ನು ಗಿಡದತ್ತ ಸೆಳೆಯುವುದೇ ಹೊರತು ಎಲೆಯ ಮೇಣವನ್ನು ಮಾರ್ಪಡಿಸದು.

ಸದ್ಯಕ್ಕೆ ಅಂಟು ದ್ರಾವಣವೇ ಸುಲಭವಾದ ದಾರಿ. ಅದು ನೀರಿನ ಬಿಗಿತವನ್ನು ಸಡಿಲಿಸಿ ಹನಿಯನ್ನು ಹರಡುವುದು. ಕೆಲವು ಔಷಧಗಳಲ್ಲಿ ಇದು ಮೊದಲೇ ಬೆರೆತಿರುವುದರಿಂದ ಚೀಟಿಯನ್ನು ಓದಿಯೇ ಸೇರಿಸತಕ್ಕದ್ದು. ಹೆಚ್ಚಾದರೆ ಔಷಧವು ಎಲೆಯಿಂದ ಹರಿದುಹೋಗುವುದಲ್ಲದೆ ಎಲೆಯೂ ಸುಡಬಹುದು. ಮೊದಲು ಬರಿಯ ನೀರಿಗೆ ಚೀಟಿಯಲ್ಲಿ ಹೇಳಿದ ಅಳತೆಯಷ್ಟು ದ್ರಾವಣವನ್ನು ಬೆರೆಸಿ, ನಾಲ್ಕಾರು ಎಲೆಗಳ ಮೇಲೆ ತೊಟ್ಟಿಕ್ಕಿ, ಹನಿಯು ಹರಡಿ ನಿಲ್ಲುವುದನ್ನು ನೋಡಿಕೊಂಡು ಅನಂತರವೇ ಔಷಧವನ್ನು ಕಲಸುವುದು.