ಎನ್‌ಬಿಎ ಕರೆಯಲಿಲ್ಲ, ಯುರೋಪ್ ಕೈಬಿಡಲಿಲ್ಲ: ಬೋ ಮೆಕ್‌ಕೇಲೆಬ್ ಸಾಗಿದ ಹಾದಿ

ಲಿಥುವೇನಿಯಾದ ಜನ ಬ್ಯಾಸ್ಕೆಟ್‌ಬಾಲನ್ನು ತಮ್ಮ ಎರಡನೆಯ ಧರ್ಮವೆಂದೇ ಹೇಳಿಕೊಳ್ಳುತ್ತಾರೆ. 2011ರ ಸೆಪ್ಟೆಂಬರ್‌ನಲ್ಲಿ ಆ ದೇಶವೇ ಯುರೋಪಿಯನ್ ಚಾಂಪಿಯನ್‌ಶಿಪ್‌ನ ಆತಿಥ್ಯ ವಹಿಸಿತ್ತು. ಕೌನಸ್ ನಗರದಲ್ಲಿ ಆಗಷ್ಟೇ ಉದ್ಘಾಟನೆಗೊಂಡಿದ್ದ ಕ್ರೀಡಾಂಗಣದಲ್ಲಿ ಕ್ವಾರ್ಟರ್ ಫೈನಲ್ ಪಂದ್ಯ. ಎದುರಾಳಿ, ಸುಮಾರು 20 ಲಕ್ಷ ಜನಸಂಖ್ಯೆಯ ಪುಟ್ಟ ರಾಷ್ಟ್ರ ಮ್ಯಾಸಿಡೋನಿಯಾ. ಪಂದ್ಯ ಮುಗಿದಾಗ ಅಂಕಪಟ್ಟಿಯಲ್ಲಿದ್ದುದು 67-65. ಸೋತವರು ಆತಿಥೇಯರು.

ಆ ಟೂರ್ನಿಯುದ್ದಕ್ಕೂ ಮ್ಯಾಸಿಡೋನಿಯಾದ ದಾಳಿಯ ಚುಕ್ಕಾಣಿ ಹಿಡಿದಿದ್ದ ಆಟಗಾರ ಹುಟ್ಟಿದ್ದು ಬಾಲ್ಕನ್ ನೆಲದಲ್ಲಲ್ಲ, ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ಹೆಸರು ಲೆಸ್ಟರ್ ಮೆಕ್‌ಕೇಲೆಬ್; ಬ್ಯಾಸ್ಕೆಟ್‌ಬಾಲ್ ಲೋಕಕ್ಕೆ ‘ಬೋ’ ಮೆಕ್‌ಕೇಲೆಬ್. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎ ಆಯ್ಕೆ ಮಾಡದೆ ಬಿಟ್ಟ ಈ ಆಟಗಾರ ಯುರೋಪಿನ ಅಗ್ರ ಗಾರ್ಡ್‌ಗಳ ಸಾಲಿಗೆ ಸೇರಿದ ಬಗೆ, ಪ್ರತಿ ವರ್ಷ ಅಮೆರಿಕದ ಕಾಲೇಜುಗಳಿಂದ ಹೊರಬಿದ್ದು ವಿಮಾನ ಹತ್ತುವ ನೂರಾರು ಯುವಕರ ಬದುಕನ್ನು ಅರಿಯಲು ಒಳ್ಳೆಯ ಕೈಗನ್ನಡಿ.

ಚಂಡಮಾರುತದ ನಡುವೆ ಕಾಲೇಜು

1985ರಲ್ಲಿ ಜನಿಸಿದ ಮೆಕ್‌ಕೇಲೆಬ್ 2003ರಲ್ಲಿ ತಮ್ಮೂರಿನ ನ್ಯೂ ಆರ್ಲಿಯನ್ಸ್ ವಿಶ್ವವಿದ್ಯಾಲಯವನ್ನೇ ಸೇರಿದರು. ಡ್ಯೂಕ್, ಕೆಂಟುಕಿಗಳಂತೆ ದೂರದರ್ಶನದಲ್ಲಿ ಮೆರೆಯುವ ತಂಡ ಅದಾಗಿರಲಿಲ್ಲ. ಮಧ್ಯಮ ದರ್ಜೆಯ ‘ಸನ್ ಬೆಲ್ಟ್’ ಒಕ್ಕೂಟದಲ್ಲಿ ಆಡುತ್ತಿದ್ದ, ಸೀಮಿತ ಸಂಪನ್ಮೂಲದ ತಂಡ.

2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿತು. ನಗರದ ಬಹುಭಾಗ ನೀರಿನಲ್ಲಿ ಮುಳುಗಿತು. ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ನೆರೆಯ ಟೆಕ್ಸಸ್ ರಾಜ್ಯದ ಟೈಲರ್ ಪಟ್ಟಣದಲ್ಲಿ ಆಶ್ರಯ ಪಡೆಯಬೇಕಾಯಿತು. ಹಾನಿಗೊಂಡ ತವರು ಕ್ರೀಡಾಂಗಣ ಮತ್ತೆ ತೆರೆದುಕೊಂಡದ್ದು 2008ರಲ್ಲಿ. ಇದೇ ಸಂದರ್ಭದಲ್ಲಿ ಮೆಕ್‌ಕೇಲೆಬ್ ಗಾಯಗೊಂಡು 2005-06ರ ಋತುವನ್ನು ಬಹುತೇಕ ಕಳೆದುಕೊಂಡರು. ಕಾಲೇಜು ಕ್ರೀಡೆಯ ಅಂದಿನ ನಿಯಮದಂತೆ ಆಟಗಾರನಿಗೆ ನಾಲ್ಕು ಋತುಗಳ ಅವಕಾಶವಿತ್ತು; ಗಾಯದಿಂದ ಕಳೆದ ವರ್ಷವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದಿತ್ತು. ಹೀಗಾಗಿ ಅವರು 2008ರವರೆಗೂ ಅದೇ ಅಂಗಿಯಲ್ಲಿ ಆಡಿದರು.

ಆ ವೇಳೆಗೆ ಅವರ ಖಾತೆಯಲ್ಲಿದ್ದ ಅಂಕಗಳು 2,679. ಸನ್ ಬೆಲ್ಟ್ ಒಕ್ಕೂಟದ ಇತಿಹಾಸದಲ್ಲಿ ಅಲ್ಲಿಯವರೆಗೆ ಯಾರೂ ಅಷ್ಟು ಗಳಿಸಿರಲಿಲ್ಲ. ಆದರೆ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಜಾತ್ರೆ ಎನಿಸಿದ ಮಾರ್ಚ್ ತಿಂಗಳ ರಾಷ್ಟ್ರೀಯ ಟೂರ್ನಿಗೆ ಅವರ ತಂಡ ಆ ಅವಧಿಯಲ್ಲಿ ಒಮ್ಮೆಯೂ ಅರ್ಹತೆ ಪಡೆಯಲಿಲ್ಲ. ದೇಶವೆಲ್ಲ ಕಣ್ಣಿಟ್ಟು ನೋಡುವ ಆ ವೇದಿಕೆ ಅವರಿಗೆ ದಕ್ಕಲೇ ಇಲ್ಲ.

ಅರವತ್ತು ಹೆಸರುಗಳ ಆಚೆ

ಎನ್‌ಬಿಎಯ ವಾರ್ಷಿಕ ಆಯ್ಕೆ ಪ್ರಕ್ರಿಯೆಗೆ ‘ಡ್ರಾಫ್ಟ್’ ಎಂದು ಹೆಸರು. ಮೂವತ್ತು ತಂಡಗಳು, ಎರಡು ಸುತ್ತು. 2008ರಲ್ಲಿ ಒಟ್ಟು 60 ಹೆಸರುಗಳನ್ನು ಕೂಗಲಾಯಿತು. ಮೊದಲನೆಯ ಹೆಸರು ಡೆರಿಕ್ ರೋಸ್, ನಾಲ್ಕನೆಯದು ರಸೆಲ್ ವೆಸ್ಟ್‌ಬ್ರೂಕ್, ಇಬ್ಬರೂ ಗಾರ್ಡ್‌ಗಳು. ಸನ್ ಬೆಲ್ಟ್‌ನಲ್ಲೇ ಮೆಕ್‌ಕೇಲೆಬ್ ಎದುರು ಆಡಿದ್ದ ವೆಸ್ಟರ್ನ್ ಕೆಂಟುಕಿಯ ಕೋರ್ಟ್ನಿ ಲೀ 22ನೆಯವರಾಗಿ ಆಯ್ಕೆಯಾದರು. ಅರವತ್ತರಲ್ಲಿ ಮೆಕ್‌ಕೇಲೆಬ್ ಹೆಸರಿರಲಿಲ್ಲ.

ಅವರ ಎತ್ತರ ಸುಮಾರು ಆರು ಅಡಿ. ಕಾಲೇಜಿನಲ್ಲಿ ಅವರ ಹೆಗ್ಗಳಿಕೆ ಅಂಕ ಗಳಿಕೆ. ಆರು ಅಡಿಯ ಆಟಗಾರ ಎನ್‌ಬಿಎಯಲ್ಲಿ ಉಳಿಯಬೇಕಾದರೆ ಸಾಮಾನ್ಯವಾಗಿ ಪಾಯಿಂಟ್ ಗಾರ್ಡ್ ಆಗಿರಬೇಕು. ಚೆಂಡನ್ನು ಅಂಕಣದ ಆಚೆಗೆ ಒಯ್ಯುವುದು, ತರಬೇತುದಾರರ ಯೋಜನೆಯನ್ನು ಜಾರಿಗೆ ತರುವುದು, ಯಾರಿಗೆ, ಯಾವಾಗ, ಎಲ್ಲಿ ಚೆಂಡು ಸಿಗಬೇಕೆಂದು ಕ್ಷಣಾರ್ಧದಲ್ಲಿ ತೀರ್ಮಾನಿಸುವುದು ಈ ಸ್ಥಾನದ ಕೆಲಸ. ತಾನೇ ಬುಟ್ಟಿಗೆ ಚೆಂಡು ಹಾಕಿ ತಂಡವನ್ನು ಹೊತ್ತವನಿಗೆ ಈ ಪಾತ್ರವನ್ನು ಹೊಸದಾಗಿ ಕಲಿಯಬೇಕಾಗುತ್ತದೆ. ಮೆಕ್‌ಕೇಲೆಬ್ ಅದನ್ನು ಕಲಿತದ್ದು ಯುರೋಪಿನಲ್ಲಿ.

ಟರ್ಕಿಯಿಂದ ಬೆಲ್‌ಗ್ರೇಡ್‌ಗೆ

ಅವರ ಮೊದಲ ವಿದೇಶಿ ನಿಲ್ದಾಣ ಟರ್ಕಿಯ ಕರಾವಳಿ ನಗರ ಮೆರ್ಸಿನ್. ಆಟ ಒಂದೇ ಆದರೂ ಲಯ ಬೇರೆ. ಅಂದು ಅಮೆರಿಕದ ಕಾಲೇಜು ಆಟದಲ್ಲಿ ಪ್ರತಿ ದಾಳಿಗೆ 35 ಸೆಕೆಂಡ್‌ಗಳ ಕಾಲಾವಕಾಶವಿದ್ದರೆ, ಅಂತರರಾಷ್ಟ್ರೀಯ ನಿಯಮದಲ್ಲಿ 24 ಸೆಕೆಂಡ್ ಮಾತ್ರ. ಯೋಚಿಸಲು ಸಮಯ ಕಡಿಮೆ, ತಪ್ಪಿಗೆ ಕ್ಷಮೆಯೂ ಕಡಿಮೆ. ವಿದೇಶಿ ಆಟಗಾರ ಸತತ ನಾಲ್ಕಾರು ಪಂದ್ಯಗಳಲ್ಲಿ ಮಂಕಾದರೆ ಕ್ಲಬ್ ಬದಲಿ ಆಟಗಾರನನ್ನು ಹುಡುಕತೊಡಗುತ್ತದೆ.

2009ರಲ್ಲಿ ಸರ್ಬಿಯಾದ ಪಾರ್ಟಿಜಾನ್ ಬೆಲ್‌ಗ್ರೇಡ್ ಕ್ಲಬ್ ಅವರನ್ನು ಕರೆಸಿಕೊಂಡಿತು. ತರಬೇತುದಾರ ದುಷ್ಕೊ ವುಯೋಶೆವಿಚ್ ಕಠಿಣ ಶಿಸ್ತಿಗೆ ಹೆಸರಾದವರು. ಹಣಬಲದಲ್ಲಿ ಯುರೋಪಿನ ಸಿರಿವಂತ ಕ್ಲಬ್‌ಗಳಿಗೆ ಸಾಟಿಯಲ್ಲದ ಪಾರ್ಟಿಜಾನ್, ಆ ಋತುವಿನಲ್ಲಿ ಮಕಾಬಿ ಟೆಲ್ ಅವೀವ್ ತಂಡವನ್ನು ಹೊರದಬ್ಬಿ ಯುರೋಲೀಗ್‌ನ ಅಂತಿಮ ನಾಲ್ಕರ ಘಟ್ಟ ತಲುಪಿತು. 2010ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಗ್ರೀಸಿನ ಒಲಿಂಪಿಯಾಕೋಸ್ ವಿರುದ್ಧ ಸೋತದ್ದು ಹೆಚ್ಚುವರಿ ಅವಧಿಯಲ್ಲಿ, 80-83ರ ಅಂತರದಲ್ಲಿ. ಎರಡು ವರ್ಷಗಳ ಹಿಂದೆ ಯಾರಿಗೂ ಬೇಡವಾಗಿದ್ದ ಆಟಗಾರನಿಗೆ ಈಗ ಖಂಡದ ದೊಡ್ಡ ಕ್ಲಬ್‌ಗಳಿಂದ ಕರೆ ಬರತೊಡಗಿತು.

ಪಾಸ್‌ಪೋರ್ಟಿಗೂ ಬೆಲೆ

ಇಲ್ಲಿ ಆಟದಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಐಪಿಎಲ್‌ನಲ್ಲಿ ಹನ್ನೊಂದರ ಬಳಗದಲ್ಲಿ ನಾಲ್ವರು ವಿದೇಶಿಯರಿಗಷ್ಟೇ ಸ್ಥಾನವಿರುವಂತೆ, ಯುರೋಪಿನ ಅನೇಕ ಲೀಗ್‌ಗಳೂ ಹೊರಗಿನ ಆಟಗಾರರ ಸಂಖ್ಯೆಗೆ ಮಿತಿ ಹಾಕಿವೆ. ಆ ಮಿತಿಯ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕನ್ನರು ಪೈಪೋಟಿ ನಡೆಸುವುದು ಈ ಬೆರಳೆಣಿಕೆಯ ಸ್ಥಾನಗಳಿಗೆ. ಆದ್ದರಿಂದ ಯುರೋಪಿನ ಯಾವುದಾದರೂ ದೇಶದ ಪೌರತ್ವ ದೊರೆತರೆ ಆಟಗಾರನ ಮಾರುಕಟ್ಟೆಯೇ ಹಿಗ್ಗಬಹುದು. ರಾಷ್ಟ್ರೀಯ ತಂಡಗಳಿಗೂ ಇದರಲ್ಲಿ ಲಾಭವಿದೆ. ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಂತೆ, 16 ವರ್ಷ ತುಂಬಿದ ಬಳಿಕ ಪೌರತ್ವ ಪಡೆದ ಒಬ್ಬ ಆಟಗಾರನನ್ನು ಪ್ರತಿ ತಂಡವೂ ಸೇರಿಸಿಕೊಳ್ಳಬಹುದು.

ಬಕ್ನೆಲ್ ವಿಶ್ವವಿದ್ಯಾಲಯದಲ್ಲಿ ಆಡಿದ್ದ ಜೆ.ಆರ್. ಹೋಲ್ಡನ್ ಈ ದಾರಿಯಲ್ಲಿ ರಷ್ಯಾದ ಪೌರರಾದರು. 2007ರ ಯುರೋಪಿಯನ್ ಫೈನಲ್‌ನಲ್ಲಿ, ಮ್ಯಾಡ್ರಿಡ್‌ನಲ್ಲಿಯೇ ಸ್ಪೇನ್ ವಿರುದ್ಧ ರಷ್ಯಾ 60-59ರಿಂದ ಗೆದ್ದದ್ದು ಅವರು ಕೊನೆಯ ಕ್ಷಣಗಳಲ್ಲಿ ಎಸೆದ ಚೆಂಡಿನಿಂದ. ಮೆಕ್‌ಕೇಲೆಬ್ 2010ರಲ್ಲಿ ಮ್ಯಾಸಿಡೋನಿಯಾದ ಪೌರತ್ವ ಪಡೆದರು.

ಇಂತಹ ಪೌರತ್ವ ‘ಬಾಡಿಗೆ ದೇಶಭಕ್ತಿ’ಯಲ್ಲವೇ ಎಂಬ ಪ್ರಶ್ನೆ ಸಹಜ. ಕಾಸು ಕೊಟ್ಟು ಗೆಲುವು ಕೊಳ್ಳುವುದಾದರೆ ಊರಿನ ಹುಡುಗರ ಗತಿಯೇನು ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. 2011ರ ಟೂರ್ನಿ ಇದಕ್ಕೆ ಪೂರ್ಣ ಉತ್ತರ ಕೊಡಲಿಲ್ಲವಾದರೂ ಒಂದು ಸುಳಿವು ನೀಡಿತು. ಮೆಕ್‌ಕೇಲೆಬ್ ಪ್ರತಿ ಪಂದ್ಯದಲ್ಲಿ ಸರಾಸರಿ 20ಕ್ಕೂ ಹೆಚ್ಚು ಅಂಕ ಗಳಿಸಿದರು, ನಿಜ. ಆದರೆ ಕೌನಸ್‌ನಲ್ಲಿ ಲಿಥುವೇನಿಯಾದ ಬಾಯಿ ಕಟ್ಟಿಸಿದ ಕೊನೆಯ ಮೂರು ಅಂಕಗಳ ಎಸೆತ ವ್ಲಾಡೊ ಇಲಿಯೆವ್ಸ್ಕಿ ಅವರದು. ಮಣ್ಣಿನ ಮಗ, ಆತನೂ ಗಾರ್ಡ್. ಪೆರೊ ಆಂಟಿಚ್‌ರಂಥ ಅನುಭವಿಗಳು ಆ ತಂಡದ ಬೆನ್ನೆಲುಬಾಗಿದ್ದರು. ಹೊರಗಿನ ಆಟಗಾರ ಇದ್ದ ತಂಡಕ್ಕೆ ಇಲ್ಲದ ವೇಗವನ್ನು ತುಂಬಬಲ್ಲ. ಇಲ್ಲದ ತಂಡವನ್ನು ಕಟ್ಟಲಾರ.

ಸೆಮಿಫೈನಲ್‌ನಲ್ಲಿ ಸ್ಪೇನ್ ಎದುರು ಮ್ಯಾಸಿಡೋನಿಯಾ 80-92ರಿಂದ ಸೋತಿತು. ಯುವಾನ್ ಕಾರ್ಲೋಸ್ ನವಾರೊ ಒಬ್ಬರೇ 35 ಅಂಕ ಬಾರಿಸಿದರು. ಮೂರನೆಯ ಸ್ಥಾನದ ಪಂದ್ಯದಲ್ಲಿ ರಷ್ಯಾ ಗೆದ್ದಿತು. ಆದರೂ ಪದಕವಿಲ್ಲದೆ ಮರಳಿದ ತಂಡಕ್ಕೆ ರಾಜಧಾನಿ ಸ್ಕೋಪ್ಯೆ ಅದ್ದೂರಿ ಸ್ವಾಗತ ನೀಡಿತು. ಟೂರ್ನಿಯ ಶ್ರೇಷ್ಠ ಐವರ ಪಟ್ಟಿಯಲ್ಲಿ ಟೋನಿ ಪಾರ್ಕರ್, ನವಾರೊ, ಆಂಡ್ರೆ ಕಿರಿಲೆಂಕೊ, ಪೌ ಗಸೋಲ್ ಜತೆ ಮೆಕ್‌ಕೇಲೆಬ್ ಹೆಸರಿತ್ತು. ಉಳಿದ ನಾಲ್ವರೂ ಎನ್‌ಬಿಎಯಲ್ಲಿ ಆಡಿದವರು. ಅಲ್ಲಿ ಒಂದು ಪಂದ್ಯವನ್ನೂ ಆಡದೆ ಆ ಪಟ್ಟಿ ಸೇರಿದವರು ಅವರೊಬ್ಬರೇ.

ಗೆಲುವಿನ ನೆರಳು

2010ರಿಂದ 2012ರವರೆಗೆ ಅವರು ಇಟಲಿಯ ಮೊಂಟೆಪಾಸ್ಕಿ ಸಿಯೆನಾ ಪರ ಆಡಿದರು. 2011ರಲ್ಲಿ ಆ ತಂಡವೂ ಯುರೋಲೀಗ್‌ನ ಅಂತಿಮ ನಾಲ್ಕರಲ್ಲಿತ್ತು. ಆದರೆ ಮುಂದೆ ಕ್ಲಬ್‌ನ ಹಣಕಾಸಿನ ಅಕ್ರಮಗಳು ಬಯಲಾದವು. 2014ರಲ್ಲಿ ಅದು ದಿವಾಳಿಯಾಯಿತು. 2016ರಲ್ಲಿ ಇಟಲಿಯ ಒಕ್ಕೂಟ 2012 ಮತ್ತು 2013ರ ಲೀಗ್ ಪ್ರಶಸ್ತಿಗಳನ್ನು ಹಿಂದಕ್ಕೆ ಪಡೆಯಿತು. ಅಂಕಣದಲ್ಲಿ ಬೆವರು ಸುರಿಸಿದವರ ತಪ್ಪೇನೂ ಇಲ್ಲದೆಯೂ ಗೆಲುವು ದಾಖಲೆಯಿಂದ ಅಳಿಸಿಹೋಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

ವಿದೇಶಿ ಲೀಗ್‌ಗಳ ಬದುಕಿನಲ್ಲಿ ಇಂತಹ ಅಪಾಯ ಹೊಸದಲ್ಲ. ಸಂಬಳ ತಡವಾಗುವುದು, ಒಪ್ಪಂದ ಅರ್ಧಕ್ಕೆ ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ಇಂತಹ ವ್ಯಾಜ್ಯಗಳಿಗೆಂದೇ ಫಿಬಾ ಜಿನೀವಾದಲ್ಲಿ ಪ್ರತ್ಯೇಕ ಪಂಚಾಯ್ತಿ ಮಂಡಳಿಯನ್ನು ಸ್ಥಾಪಿಸಬೇಕಾಯಿತು. ಮೆಕ್‌ಕೇಲೆಬ್ ಮುಂದೆ ಟರ್ಕಿಯ ಫೆನರ್‌ಬಾಚೆ, ಜರ್ಮನಿಯ ಬೈರ್ನ್ ಮ್ಯೂನಿಕ್, ಸ್ಪೇನಿನ ಗ್ರ್ಯಾನ್ ಕನಾರಿಯಾ ಮುಂತಾದ ಕ್ಲಬ್‌ಗಳಲ್ಲಿ ಆಡಿದರು. ಗಂಟುಮೂಟೆ ಕಟ್ಟುವುದು ಈ ವೃತ್ತಿಯ ಭಾಗವೇ ಆಗಿದೆ.

ಬದಲಾದ ಕಾಲ

ಮೆಕ್‌ಕೇಲೆಬ್ ಕಾಲೇಜಿನಲ್ಲಿ ಗಳಿಸಿದ ಅಂಕಗಳಿಗೆ ವಿದ್ಯಾರ್ಥಿವೇತನದ ಹೊರತು ಸಂಭಾವನೆ ಇರಲಿಲ್ಲ. ಅಂದಿನ ನಿಯಮ ಅದನ್ನು ನಿಷೇಧಿಸಿತ್ತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು ಮತ್ತು ಚಿತ್ರದ ಬಳಕೆಯಿಂದ ಹಣ ಗಳಿಸಬಹುದಾಗಿದೆ. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ನೀಡಲು ದಾರಿ ತೆರೆದಿದೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೋಗುವುದೂ ಸುಲಭವಾಗಿದೆ. ಸಣ್ಣ ಕಾಲೇಜಿನಲ್ಲಿ ಮಿಂಚಿದ ಆಟಗಾರನನ್ನು ಮರುವರ್ಷವೇ ದೊಡ್ಡ ಕಾಲೇಜು ಸೆಳೆದುಕೊಳ್ಳುವುದು ಈಗ ವಾಡಿಕೆ.

ಇಂದಿನ ಮೆಕ್‌ಕೇಲೆಬ್‌ಗೆ ಹಣವೂ ದೊಡ್ಡ ವೇದಿಕೆಯೂ ಬೇಗ ಸಿಗಬಹುದು. ಆದರೆ ನೀರಿನಲ್ಲಿ ಮುಳುಗಿ ಎದ್ದ ಊರಿನ ತಂಡದಲ್ಲಿಯೇ ಐದು ವರ್ಷ ನಿಲ್ಲುವ ಆಟಗಾರ ಇನ್ನು ಅಪರೂಪ. ಡ್ರಾಫ್ಟ್‌ನ ಮೂರು ವರ್ಷಗಳ ನಂತರ, ತಾನು ಹುಟ್ಟದ ದೇಶದ ಅಂಗಿ ತೊಟ್ಟು ಖಂಡದ ಶ್ರೇಷ್ಠ ಐವರಲ್ಲಿ ನಿಂತವರ ವೃತ್ತಿಜೀವನ ಹೇಳುವುದು ಇಷ್ಟೇ: ಒಂದು ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಆಟ ಮುಗಿಯುವುದಿಲ್ಲ. ಆದರೆ ಮತ್ತೊಂದು ಪಟ್ಟಿ ಸೇರಲು ಆಟವನ್ನೂ ಊರನ್ನೂ ಕೆಲವೊಮ್ಮೆ ಪಾಸ್‌ಪೋರ್ಟನ್ನೂ ಬದಲಿಸಿಕೊಳ್ಳಬೇಕಾಗುತ್ತದೆ.